ಬುಟ್ಟಿ ಏರಿಸುವ ಕೈ

ಕಾರವಾರದ ಆಸ್ಪತ್ರೆಯ ಕೊಠಡಿಯಲ್ಲಿ ನಾನು ನಿಂತಿದ್ದದ್ದು ಅಕ್ಕನ ಎಡಕ್ಕೆ, ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ. ಮಂಗಳವಾರ, ಹನ್ನೊಂದು ದಾಟಿ ಹತ್ತು ನಿಮಿಷ. ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಪಾಳಿ ಮುಗಿಸಿ ನೇರ ಬಂದಿದ್ದೆ. ವೈದ್ಯರು ಅಕ್ಕನ ಬಲಗೈಯನ್ನು ಹೆಗಲಿನ ಮಟ್ಟಕ್ಕೆ ಎತ್ತಿ, "ಹಾಗೇ ಹಿಡ್ಕೊಳ್ಳಿ" ಎಂದು ಬಿಟ್ಟರು. ಕೈ ನಿಲ್ಲಲಿಲ್ಲ, ಧಪ್ಪನೆ ತೊಡೆಯ ಮೇಲೆ ಬಿತ್ತು. ಬೇರೆ ಯಾರದೋ ಕೈ ಎಂಬಂತೆ ಅಕ್ಕ ಅದನ್ನು ನೋಡಿದಳು.

ಬೆಳಂಬಾರದಲ್ಲಿ ಅಕ್ಕ ಹರಿವೆ, ಬದನೆ, ಸೌತೆ ಬೆಳೆಯುತ್ತಾಳೆ. ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಒಯ್ಯುತ್ತಾಳೆ. ತುಂಬಿದ ಬುಟ್ಟಿಯನ್ನು ತಲೆಗೇರಿಸಲು ಉಳಿದ ಹೆಂಗಸರು ಒಬ್ಬರಿಗೊಬ್ಬರು ಕೈಕೊಡುವುದು ವಾಡಿಕೆ. ಅಕ್ಕ ಯಾರನ್ನೂ ಕರೆದವಳಲ್ಲ. ಆ ಮಂಗಳವಾರಕ್ಕೆ ಏಳು ತಿಂಗಳ ಹಿಂದೆ ಬಾವಿಯಿಂದ ನೀರು ಎತ್ತುವಾಗ ಜಾರಿ, ಬಾವಿಕಟ್ಟೆ ಹಿಡಿದು ಬಲಗೈಯಲ್ಲೇ ಜೋತಾಡಿದ್ದಳು. ವಾಯುನೋವು ಎಂದುಕೊಂಡೆವು. ತಿಕ್ಕುವ ಎಣ್ಣೆ ತಂದುಕೊಟ್ಟವನು ನಾನೇ. ಆಮೇಲೆ ಎಡಗೈಯಿಂದ ಬಲಗೈಯನ್ನು ಮೇಲಕ್ಕೆ ತಳ್ಳಿ ಅವಳು ತಲೆ ಬಾಚುವುದನ್ನು ಎಷ್ಟೋ ಸಲ ಕಂಡಿದ್ದೆ. ಕಂಡೂ ಕೇಳಲಿಲ್ಲ.

ಹೆಗಲನ್ನು ಎತ್ತುವ ಸ್ನಾಯುರಜ್ಜುಗಳು ಮೂಳೆಯಿಂದ ಕಿತ್ತು ಬಂದಿವೆ ಎಂದರು ವೈದ್ಯರು. ಹರಿದಾಗಲೇ ಬಂದಿದ್ದರೆ ಎಳೆದು ಮೂಳೆಗೆ ಹೊಲಿಯಬಹುದಿತ್ತು. ಈಗ ಅವು ಹಿಂದೆ ಸರಿದಿವೆ, ಸ್ನಾಯುವಿನಲ್ಲಿ ಕೊಬ್ಬು ತುಂಬಿದೆ. ಹೊಲಿದರೂ ಕೂಡಿಕೊಳ್ಳುವುದು ಅನುಮಾನ. ಎರಡನೆಯ ದಾರಿ, ಬೆನ್ನಿನ ಒಂದು ಸ್ನಾಯುವಿನ ತುದಿಯನ್ನು ಬಿಡಿಸಿ ತಂದು ಹೆಗಲಿಗೆ ಕೂಡಿಸುವುದು. ಅದಕ್ಕೆ ಹೊಸ ಕೆಲಸ ಕಲಿಸಲು ವರ್ಷವೇ ಬೇಕಾದೀತು, ಕಲಿಯದೆಯೂ ಹೋದೀತು. ಮೂರನೆಯದು ಕೃತಕ ಕೀಲು. ತೋಳಿನ ಮೂಳೆಯ ಗುಂಡು ಇದ್ದಲ್ಲಿ ಬಟ್ಟಲು, ಅದು ಕೂರುವ ಹೆಗಲಿನ ಬಟ್ಟಲು ಇದ್ದಲ್ಲಿ ಗುಂಡು. ನೋವು ಹೋಗುವ ಭರವಸೆ ಅದರಲ್ಲೇ ಹೆಚ್ಚು, ಆದರೆ ಭಾರ ಎತ್ತುವಂತಿಲ್ಲ.

"ಯಾವ್ದ್ರಲ್ಲಿ ಬುಟ್ಟಿ ಏರ್ಸೂಕಾಗ್ತದೆ?" ಎಂದಳು ಅಕ್ಕ.

"ಯಾವುದರಲ್ಲೂ ಮಾತು ಕೊಡಲಾರೆ. ಆದರೆ ಎರಡನೆಯದರಲ್ಲಿ, ಸ್ವಲ್ಪ ಭಾರಕ್ಕೆ, ಆಸೆ ಇದೆ."

ಪಕ್ಕದಲ್ಲಿದ್ದ ಭಾವ ಕೆಮ್ಮಿದರು. "ಕೀಲೇ ಹಾಕ್ಸ್ಕೊ ಮಾರಾಯ್ತಿ. ಬೆನ್ನಿಂದು ಕಿತ್ತು ಹೆಗಲಿಗೆ ಹಚ್ದ್ರೆ ನಾಳೆ ಬೆನ್ನಿಗೆ ಎಲ್ಲಿಂದ ತರೂದು?"

"ನಿಮ್ ಬೆನ್ನಿದ್ದಲಾ, ಕೂತು ಕೂತು ಹೊಸದಾಗೇ ಅದೆ." ಅಕ್ಕ ನನ್ನತ್ತ ತಿರುಗಿದಳು. "ತಮಾ, ಎಲ್ಲಿ ಸಹಿ ಹಾಕೂದು ತೋರ್ಸು. ಬೆನ್ನಿಂದೇ ಮಾಡ್ಲಿ."

ನಾನು ತೋರಿಸಿದೆ. ಅವಳು ಸಹಿ ಹಾಕಿದಳು.

ಶಸ್ತ್ರಚಿಕಿತ್ಸೆಯ ನಂತರ ಆರು ವಾರ ಅವಳ ಕೈ ಮೈಯಿಂದ ದೂರ, ಸೊಂಟಕ್ಕೆ ಪಟ್ಟಿಯಿಂದ ಕಟ್ಟಿದ ದಿಂಬಿನ ಮೇಲೆ ಇತ್ತು. ಆಮೇಲೆ ವಾರಕ್ಕೆರಡು ಸಲ ಬಸ್ಸಿನಲ್ಲಿ ಕಾರವಾರಕ್ಕೆ ವ್ಯಾಯಾಮ. ಮನೆಯಲ್ಲಿ ಗೋಡೆಗೆ ಬೆರಳಿಟ್ಟು ಒಂದೊಂದೇ ಇಂಚು ಹತ್ತಿಸುತ್ತಿದ್ದಳು. ನಾಲ್ಕನೆಯ ತಿಂಗಳಲ್ಲಿ ಕೈ ಗದ್ದದ ಎತ್ತರ ದಾಟಲಿಲ್ಲ. ಐದರಲ್ಲೂ ಅಷ್ಟೇ. ಎಣ್ಣೆಯ ಮಾತು ತೆಗೆದು ತಪ್ಪೊಪ್ಪಿಕೊಳ್ಳಲು ಹೋದೆ. "ಅಳೂದಾದ್ರೆ ಅತ್ಲಾಗೆ ಹೋಗಿ ಅಳು, ಎಣಿಕೆ ತಪ್ತದೆ" ಎಂದು ಮತ್ತೆ ಒಂದರಿಂದ ಎಣಿಸತೊಡಗಿದಳು.

ಹನ್ನೊಂದನೆಯ ತಿಂಗಳು ವೈದ್ಯರು ಕಾಲು ಭಾಗ ತುಂಬಿದ ಬುಟ್ಟಿಗೆ ಒಪ್ಪಿದರು. ಮರುದಿನ ಬೆಳಿಗ್ಗೆ ಏಳಕ್ಕೆ, ತರಕಾರಿ ಗದ್ದೆಯ ಅಂಚಿನಲ್ಲಿ, ಅಕ್ಕ ಹರಿವೆಯ ನಾಲ್ಕು ಕಟ್ಟು ಹಾಕಿ ಬುಟ್ಟಿಯನ್ನು ಸೊಂಟಕ್ಕೆ ತಂದಳು. ಭಾವ ಬದುವಿನ ಮೇಲೆ ಕೂತು ನೋಡುತ್ತಿದ್ದರು. ಪಕ್ಕದ ಗದ್ದೆಯ ಹೆಂಗಸು ಓಡಿಬಂದಳು. "ಕೈ ಕೊಡ್ಲನೇ?"

"ನಿಂತ್ಕೊ ಅಲ್ಲೇ."

ಬುಟ್ಟಿ ಎದೆಗೆ ಬಂತು. ಗದ್ದದ ಹತ್ತಿರ ನಿಂತಿತು, ಬಲ ಮೊಣಕೈ ಅದುರಿತು. ನಾನು ಒಂದು ಹೆಜ್ಜೆ ಮುಂದಿಟ್ಟು ನಿಂತೆ. ಅವಳು ಉಸಿರು ಬಿಟ್ಟಳು, ಬೆನ್ನನ್ನು ಎಳೆದುಕೊಂಡಳು. ಬುಟ್ಟಿ ಸೊಟ್ಟಗೆ ತಲೆಯ ಮೇಲೆ ಕೂತಿತು.

ಅದನ್ನು ಕಂಡವರು ಮೂವರು. ಭಾವ ಮರುವರ್ಷದ ಮಳೆಗಾಲದಲ್ಲಿ ತೀರಿಕೊಂಡರು. ಕಂಡವರಲ್ಲಿ ಈಗ ಉಳಿದಿರುವವರು ನಾನು, ಮತ್ತು ಪಕ್ಕದ ಗದ್ದೆಯ ಆ ಹೆಂಗಸು.