ಅಕ್ಕನ ಬೆನ್ನು, ನನ್ನ ಕಾಲು

ನಾನು ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಐವತ್ತು ದಾಟಿದ ಮೇಲೆ ಬಸ್‌ಸ್ಟ್ಯಾಂಡಿನಿಂದ ಶಾಲೆಯವರೆಗೆ ಎಲ್ಲೂ ನಿಲ್ಲದೆ ನಡೆಯಲು ಆಗುತ್ತಿರಲಿಲ್ಲ. ಸ್ವಲ್ಪ ದೂರ ಹೋದರೆ ಸೊಂಟದಿಂದ ಮೀನಖಂಡದವರೆಗೆ ಸೆಳೆತ, ಜೋಮು. ಯಾವುದಾದರೂ ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ ಕೂತರೆ ಎಲ್ಲ ಮಾಯ. ಎದ್ದು ನಡೆದರೆ ಮತ್ತೆ ಅದೇ.

ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅದಕ್ಕೆ ಕಾರಣ ಅಕ್ಕ. ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಕೊಟ್ಟೂರಿನ ಒಂದೇ ಮನೆಯಲ್ಲಿ ನಮ್ಮಿಬ್ಬರ ಸಂಸಾರ. ನನಗಿಂತ ಹಿರಿಯಳಾದರೂ ಹೊಲದಿಂದ ಮೇವಿನ ಹೊರೆ ಹೊತ್ತು ತರುತ್ತಿದ್ದಳು.

"ನಮ್ಮ ಅತ್ತಿಗೀನ ನೋಡು. ನೀ ಕುರ್ಚಿ ಮ್ಯಾಲೆ ಕುಂತು ಕುಂತು ಹಿಂಗಾಗೀದಿ," ಎನ್ನುತ್ತಿದ್ದರು ನನ್ನವರು. ಅದನ್ನು ಕೇಳಿ ಅಕ್ಕ ಸೆರಗಿನ ಮರೆಯಲ್ಲಿ ನಗುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು.

"ಮುಂದಕ್ಕ ಬಾಗಿದ್ರ ಹಗುರ ಆಕ್ಕೈತೇನ್ರಿ?" ದಾವಣಗೆರೆಯ ಡಾಕ್ಟರು ಮೊದಲು ಕೇಳಿದ್ದೇ ಅದು. ಹೌದೆಂದೆ. ಎಂಆರ್‌ಐ ಸ್ಕ್ಯಾನ್ ಮಾಡಿಸಿದರು. ಬೆನ್ನಿನ ಕೆಳಗೆ ಮೂಳೆ ಸವೆದು, ಅಂಚು ಬೆಳೆದು, ನರ ಹಾಯುವ ದಾರಿ ಕಿರಿದಾಗಿತ್ತು. ಮಾತ್ರೆ, ವ್ಯಾಯಾಮ, ಬೆನ್ನಿಗೆ ಇಂಜೆಕ್ಷನ್ ಎಲ್ಲ ಆಯಿತು. ಕೆಲವು ತಿಂಗಳು ಹಗುರಾಗಿ, ಮತ್ತೆ ಶುರುವಾಯಿತು.

ಅಷ್ಟರಲ್ಲಿ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಅದೇ ಡಾಕ್ಟರ ಹತ್ತಿರ ಕರೆದೊಯ್ದೆವು. ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂತಾಗ, ಇವಳಿಗೂ ನನ್ನ ಬೇನೆಯೇ ಇರಲಿ ಎಂದು ಮನಸ್ಸು ಬೇಡುತ್ತಿತ್ತು.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. "ಎಲುಬು ಮುರಿದಿಲ್ರಿ. ಆದ್ರ ನರದ ದಾರಿ ಟೀಚರಿಗಿಂತ ನಿಮಗ ಸಣ್ಣದಾಗೈತಿ. ನಡೆದ್ರ ಕಾಲು ಸೆಳಿತಾವೇನು?"

"ಇಲ್ರೀಯಪ್ಪಾ, ಏನೂ ಇಲ್ಲ," ಎಂದಳು ಅಕ್ಕ.

"ಹಂಗಾದ್ರ ಏನೂ ಮಾಡೋದು ಬ್ಯಾಡ. ಬರೇ ಫಿಲ್ಮ್ ನೋಡಿ ಆಪರೇಷನ್ ಮಾಡಂಗಿಲ್ರಿ, ತ್ರಾಸು ನೋಡಿ ಮಾಡ್ತೀವಿ."

ನನಗಿಂತ ಕೆಟ್ಟ ಬೆನ್ನು, ಆದರೂ ನೋವಿಲ್ಲ! ಅಂದು ಬಸ್ಸಿನಲ್ಲಿ ಅವಳ ಪಕ್ಕ ನಾನು ಕೂರಲಿಲ್ಲ.

ಕೊನೆಗೆ ಆಪರೇಷನ್ನಿಗೆ ಒಪ್ಪಿದವಳು ನಾನೇ. ನರ ಒತ್ತುತ್ತಿದ್ದ ಮೂಳೆ ತೆಗೆದು ಜಾಗ ಮಾಡಿದರು. ಕಾಲಿನ ಸೆಳೆತ ಹೋಯಿತು. ನಡುನೋವು ಅಷ್ಟಿಷ್ಟು ಉಳಿಯಿತು. ಮನೆಗೆ ಬಂದ ಮೇಲೆ ನನಗೆ ತಲೆ ಎರೆದು, ಸೀರೆ ಉಡಿಸಿದವಳು ಅಕ್ಕ.

"ನನಗ ಈ ಬ್ಯಾನಿ ಬಂದಿದ್ರ ತಡಕೊಂತಿರಲಿಲ್ಲ ಬಿಡವ್ವಾ," ಎಂದಳು ಒಮ್ಮೆ. ಅವಳ ದನಿಯಲ್ಲಿ ಮರುಕವಿತ್ತು. ಅದನ್ನೂ ನನಗೆ ಸಹಿಸಲಾಗಲಿಲ್ಲ.

ಈಗ ಸಂತೆಗೆ ಇಬ್ಬರೂ ಹೋಗುತ್ತೇವೆ. ಕಾಯಿಪಲ್ಲೆ ಚೀಲ ತಲೆಯ ಮೇಲಿಟ್ಟು ಅವಳು ಬಿರಬಿರನೆ ನಡೆಯುತ್ತಾಳೆ. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದು ನನಗೆ. ಬರಿಗೈಯಲ್ಲಿ ಅವಳ ಹಿಂದೆ ನಡೆಯುವಾಗ ಇಂದಿಗೂ ಒಳಗೆ ಚುರುಕ್ಕೆನ್ನುತ್ತದೆ.