ಹರಿಗೋಲನ್ನು ಕರೆದವಳು

ಆ ಬೆಳಿಗ್ಗೆ ಕುಣಿಗಲ್ ಕೆರೆಯ ನಡುನೀರಿನಲ್ಲಿ ಕಾವಲಿಗಿದ್ದ ಹರಿಗೋಲನ್ನು ಅದರ ಜಾಗದಿಂದ ಕದಲಿಸಿದವಳು ನಾನು. ಉಸಿರು ಸಿಗುತ್ತಿಲ್ಲ ಎಂದು ಸುಳ್ಳು ಹೇಳಿ ಕದಲಿಸಿದೆ. ಅಲ್ಲಿ ಹರಿಗೋಲು ಇಲ್ಲದ ಆ ಕೆಲವು ನಿಮಿಷಗಳಲ್ಲೇ ನನ್ನ ಗೆಳತಿ ಶಾಹಿನಾ ಅದೇ ಜಾಗದಲ್ಲಿ ನೀರು ಕುಡಿದು ಮುಳುಗಿದಳು. ಆಮೇಲೆ, ಹರಿಗೋಲು ತನ್ನ ಜಾಗದಲ್ಲಿ ಏಕಿರಲಿಲ್ಲ ಎಂದು ಇದೇ ಪತ್ರಿಕೆಯಲ್ಲಿ ಗುಡುಗಿದವಳೂ ನಾನೇ.

ಶಾಹಿನಾ ಬದುಕಿದ್ದಾಳೆ. ಹಿಂದೆ ಈಜಿ ಬರುತ್ತಿದ್ದ, ಹೆಸರೂ ಗೊತ್ತಿಲ್ಲದ ಯುವತಿಯೊಬ್ಬಳು ಅವಳ ಕತ್ತಿನ ಕೆಳಗೆ ತೋಳು ಹಾಕಿ ಮುಖವನ್ನು ನೀರಿನ ಮೇಲೆ ಹಿಡಿದಿದ್ದರಿಂದ ಬದುಕಿದ್ದಾಳೆ. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ಮೂರು ವರ್ಷಗಳ ಹಿಂದಿನ ಆ ಲೇಖನವನ್ನು ನಿಮ್ಮಲ್ಲಿ ಹಲವರು ಓದಿದ್ದೀರಿ. ‘ಹೆಸರು ಹೇಳಿ’ ಎಂದು ಅದರ ತಲೆಬರಹ. ಹೊಣೆಗಾರಿಕೆ ಎಂಬ ಪದವನ್ನು ಅದರಲ್ಲಿ ಹನ್ನೊಂದು ಸಲ ಬಳಸಿದ್ದೇನೆ. ಮೊನ್ನೆ ಕೂತು ಎಣಿಸಿದೆ. ಅಷ್ಟು ದೊಡ್ಡ ಕೆರೆಯ ನಡುವೆ ಒಂದೇ ಹರಿಗೋಲು ಇಟ್ಟವರು ಯಾರು, ಆ ಒಂದೂ ಜಾಗದಲ್ಲಿ ಇರದಿದ್ದಾಗ ನೋಡಿಕೊಳ್ಳಬೇಕಾದವರು ಯಾರು — ನಾನು ಕೇಳಿದ ಪ್ರಶ್ನೆಗಳಲ್ಲಿ ಒಂದೂ ಸುಳ್ಳಲ್ಲ. ನನ್ನನ್ನು ಇಂದು ಹೆಚ್ಚು ಕಾಡುವುದು ಅದೇ. ಪ್ರತಿ ವಾಕ್ಯವೂ ನಿಜವಾಗಿದ್ದ ಒಂದು ಬರಹದೊಳಗೆ ನಾನು ಬಚ್ಚಿಟ್ಟುಕೊಂಡಿದ್ದೆ.

ಅದೊಂದು ಸಣ್ಣ ಟ್ರಯಥ್ಲಾನ್. ಈಜು, ಸೈಕಲ್, ಓಟ — ಮೂರನ್ನೂ ನಡುವೆ ನಿಲ್ಲದೆ ಒಂದಾದ ಮೇಲೊಂದು ಮುಗಿಸುವ ಸ್ಪರ್ಧೆ. ತುಮಕೂರಿನ ಹವ್ಯಾಸಿಗಳ ಬಳಗವೊಂದು ಏರ್ಪಡಿಸಿತ್ತು. ಕುಣಿಗಲ್ ಕೆರೆಯಲ್ಲಿ ಈಜಬೇಕು, ಹೆಬ್ಬೂರಿನವರೆಗೆ ಸೈಕಲ್ ತುಳಿದು ಹಿಂತಿರುಗಬೇಕು, ಕೊನೆಗೆ ಕೆರೆ ಏರಿಯ ಮೇಲೆ ಓಡಬೇಕು. ಶಾಹಿನಾ ಎಂ.ಎ.ಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು, ಈಗ ಗುಬ್ಬಿಯಲ್ಲಿ ಹೈಸ್ಕೂಲ್ ಟೀಚರ್. ಇಬ್ಬರೂ ಒಟ್ಟಿಗೆ ತಯಾರಾಗಿದ್ದೆವು. ವಾರದಲ್ಲಿ ಎರಡು ದಿನ ತುಮಕೂರಿನ ಈಜುಕೊಳದಲ್ಲಿ, ಹೆಂಗಸರ ಹೊತ್ತಿನಲ್ಲಿ. ಭಾನುವಾರ ನಾನು ಶೆಟ್ಟಿಹಳ್ಳಿಯಿಂದ ಗುಬ್ಬಿಯವರೆಗೆ ಸೈಕಲ್ ತುಳಿದುಕೊಂಡು ಅವಳ ಮನೆಗೆ ಹೋಗುತ್ತಿದ್ದೆ. ಅವಳ ಅಮ್ಮಿ, ‘ಇಷ್ಟ್ ದೂರ ಬಸ್ ಇಲ್ವೇನಮ್ಮ ನಿಮ್ಮೂರಲ್ಲಿ?’ ಎಂದು ಪ್ರತಿ ಸಲವೂ ಕೇಳಿ, ತಟ್ಟೆ ತುಂಬ ಬಡಿಸುತ್ತಿದ್ದರು.

ಈಜಿನಲ್ಲಿ ಅವಳು ನನಗಿಂತ ಎಷ್ಟೋ ಮೇಲು. ನನಗೆ ಕೊಳದ ಗೋಡೆ ಬೇಕು. ಕೆರೆಗೆ ಗೋಡೆಯಿಲ್ಲ. ಸಾಲದ್ದಕ್ಕೆ, ನಿಗದಿತ ಸಮಯದೊಳಗೆ ದಡ ಸೇರದವರನ್ನು ಸೈಕಲ್ ಹತ್ತಲು ಬಿಡುವುದಿಲ್ಲ ಎಂಬ ನಿಯಮವಿತ್ತು. ಆ ಆರು ತಿಂಗಳೂ ನನ್ನ ತಯಾರಿಯ ಬಗ್ಗೆ ವಾರವಾರ ಬರೆಯುತ್ತ ಬಂದಿದ್ದೆ — ಹೆಣ್ಣಿನ ದೇಹಕ್ಕೆ ಅಂಜಿಕೆಯನ್ನು ಕಲಿಸಿದವರು ಯಾರು, ಎಂಬಂಥ ಮಾತುಗಳು. ಅಂಥವಳನ್ನು ದಡದಲ್ಲೇ ತಡೆದು, ನಿಮ್ಮದು ಇಲ್ಲಿಗೆ ಮುಗಿಯಿತು ಎಂದುಬಿಟ್ಟರೆ... ನೀರಿಗಿಂತ ನನಗೆ ಅದರ ಭಯವೇ ದೊಡ್ಡದಾಗಿತ್ತು.

ಕೆರೆಯಲ್ಲಿ ಮೂರು ಡ್ರಮ್ಮುಗಳನ್ನು ತೇಲಿಬಿಟ್ಟಿದ್ದರು. ಎರಡನೆಯದು ದಡದಿಂದ ಬಹಳ ದೂರ. ಅದರ ಪಕ್ಕದಲ್ಲೇ ಹನುಮಂತರಾಯಪ್ಪನವರ ಹರಿಗೋಲು ನಿಂತಿತ್ತು. ಅವರು ಆ ಕೆರೆಯಲ್ಲೇ ಮೀನು ಹಿಡಿದು ಬದುಕಿದವರು. ದಣಿದವರು ಹರಿಗೋಲಿನ ಅಂಚು ಹಿಡಿದು ಸುಧಾರಿಸಿಕೊಳ್ಳಬಹುದು, ಆದರೆ ಅದು ಯಾರನ್ನೂ ಎಳೆದುಕೊಂಡು ಮುಂದೆ ಹೋಗಬಾರದು. ಆ ಜಾಗವನ್ನು ಬಿಡಲೇಬಾರದು.

ನಾನು ಮೊದಲ ತಂಡದಲ್ಲಿದ್ದೆ. ಎರಡನೇ ಡ್ರಮ್ಮನ್ನು ತಲುಪುವಷ್ಟರಲ್ಲಿ ನನ್ನ ತಂಡದವರೆಲ್ಲ ಮುಂದೆ ಹೋಗಿದ್ದರು. ತಡವಾಗಿ ಹೊರಟ ಎರಡನೇ ತಂಡದ ಟೋಪಿಗಳು ಹಿಂದೆ ಕಾಣುತ್ತಿದ್ದವು. ಅದರಲ್ಲಿ ಶಾಹಿನಾ ಇದ್ದಳು. ಹರಿಗೋಲಿನ ಅಂಚು ಹಿಡಿದೆ. ಸ್ವಲ್ಪ ಹೊತ್ತಿಗೆ ಎದೆ ತಹಬಂದಿಗೆ ಬಂತು. ದಡದ ಮೈಕಿನಲ್ಲಿ ಉಳಿದ ನಿಮಿಷಗಳನ್ನು ಕೂಗುವುದು ಕೇಳಿಸಿತು.

‘ಅಣ್ಣಾ, ಆ ಮೂರನೇ ಡ್ರಮ್ ತನಕ ಎಳ್ಕೊಂಡ್ ಹೋಗಿ.’

‘ಇಡ್ಕಂಡಿರವ್ವ, ಸುಧಾರಿಸ್ಕ. ಇಲ್ಲಿಂದ ಅಲ್ಲಾಡ್ಬ್ಯಾಡ ಅಂದವ್ರೆ.’

ಆಗ ಆ ಮಾತನ್ನಾಡಿದೆ. ‘ಉಸಿರು ಸಿಕ್ತಿಲ್ಲ ಅಣ್ಣಾ. ಸತ್ತೋಗ್ತೀನಿ.’

ಅವರು ಒಮ್ಮೆ ಹಿಂದೆ ಬರುತ್ತಿದ್ದ ಟೋಪಿಗಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಲೆಕ್ಕ ಹಾಕುವಷ್ಟು ಸಮಯ ನಾನು ಕೊಡಲಿಲ್ಲ. ತಲೆಯನ್ನು ಅಂಚಿಗೆ ಒರಗಿಸಿ ಕಣ್ಣು ಮುಚ್ಚಿದೆ. ‘ಬುಡ್ಬ್ಯಾಡ, ಗಟ್ಟಿಯಾಗಿ ಇಡ್ಕ’ ಎಂದು ಹುಟ್ಟು ಹಾಕಿದರು.

ಮೂರನೇ ಡ್ರಮ್ಮಿನ ಹತ್ತಿರ ಬಂದಾಗ ಹಿಂದಿನಿಂದ ಕೂಗು ಕೇಳಿತು. ಹೆಂಗಸಿನ ಕೂಗು. ಅವರು ನನ್ನ ಕೈಯನ್ನು ಡ್ರಮ್ಮಿನ ಹಗ್ಗಕ್ಕೆ ಸಿಕ್ಕಿಸಿ, ‘ಇದ್ನ ಇಡ್ಕಂಡೇ ಇರವ್ವ, ಬಂದ್ಬುಡ್ತೀನಿ’ ಎಂದು ಹರಿಗೋಲು ತಿರುಗಿಸಿದರು. ಕೂಗು ನನಗೂ ಕೇಳಿಸಿತ್ತು. ನಾನು ತಿರುಗಿ ನೋಡಲಿಲ್ಲ. ಹಗ್ಗ ಬಿಟ್ಟು ದಡದ ಕಡೆ ಈಜಿದೆ — ಚೆನ್ನಾಗಿಯೇ ಈಜಿದೆ — ಸಮಯದೊಳಗೆ ಸೇರಿದೆ.

ಹೆಬ್ಬೂರು ರಸ್ತೆಯಲ್ಲಿ ಅರ್ಧ ದಾರಿ ತುಳಿದಿದ್ದಾಗ ಆಂಬುಲೆನ್ಸ್ ಒಂದು ಸದ್ದು ಮಾಡುತ್ತ ಹಿಂದಿನಿಂದ ಬಂತು. ಎಡಕ್ಕೆ ಸರಿದು ದಾರಿ ಬಿಟ್ಟೆ. ಯಾರಿಗೋ ಏನೋ ಆಗಿದೆ ಎಂದುಕೊಂಡೆನೇ ಹೊರತು, ಯಾರಿಗೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ... ಅಥವಾ ಕೇಳಿಕೊಳ್ಳದಿರಲು ಇನ್ನಷ್ಟು ಜೋರಾಗಿ ತುಳಿದೆ. ಓಟ ಮುಗಿಸಿ, ಕೊರಳಿಗೆ ಪದಕ ಹಾಕಿಸಿಕೊಂಡ ಮೇಲೆಯೇ ಗೊತ್ತಾದದ್ದು: ಕಾಲಿನ ಮೀನಖಂಡ ಸೆಟೆದುಕೊಂಡು, ಎರಡನೇ ಡ್ರಮ್ಮಿನ ಬಳಿ ಕೈ ಎತ್ತಿ ಹರಿಗೋಲಿಗಾಗಿ ಹುಡುಕಿದವಳು ಶಾಹಿನಾ.

ಅವಳು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳು. ಇವತ್ತಿಗೂ ಎರಡು ಮಹಡಿ ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ. ನೀರಿಗೆ ಮತ್ತೆ ಇಳಿದಿಲ್ಲ. ಆ ಹನ್ನೆರಡು ದಿನಗಳಲ್ಲೇ ನಾನು ‘ಹೆಸರು ಹೇಳಿ’ ಬರೆದೆ. ಕೋಪ ನಿಜವಾಗಿತ್ತು. ಯಾರ ಮೇಲಿನ ಕೋಪ ಎಂಬುದನ್ನು ಮಾತ್ರ ಬರೆಯಲಿಲ್ಲ.

ಬಲವುಳ್ಳವರನ್ನು ಹೆಸರು ಹೇಳಿ ಎಂದು ಅಟ್ಟಿಸಿಕೊಂಡು ಹೋದರೆ ಅವರು ತಮ್ಮ ಹೆಸರನ್ನು ಹೇಳುವುದಿಲ್ಲ. ತಮ್ಮ ಕೈಗೆ ಸುಲಭವಾಗಿ ಸಿಗುವವನ ಹೆಸರನ್ನು ಹೇಳುತ್ತಾರೆ. ವಿಶ್ವವಿದ್ಯಾನಿಲಯದಲ್ಲಿ ಇದನ್ನೇ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಬಳಗದವರು ಮರಳೂರಿನ ಸಭಾಂಗಣವೊಂದರಲ್ಲಿ ಸಭೆ ಕರೆದರು. ಹನುಮಂತರಾಯಪ್ಪನವರನ್ನು ಕರೆಸಿದರು. ಈಜಿದ ಹೆಂಗಸರೆಲ್ಲ ಸಾಲಾಗಿ ಕೂತಿದ್ದೆವು.

‘ಒಂದ್ ಹೆಣ್ಮಗಳು ಉಸ್ರು ಸಿಕ್ತಿಲ್ಲ ಅಂದ್ಲು ಸಾಮಿ. ಸಾಯ್ಲಿ ಅಂತ ಬುಟ್ಬುಡ್ಲಾ?’

‘ಯಾರು? ತೋರ್ಸಪ್ಪ.’

ಅವರು ನಮ್ಮ ಸಾಲನ್ನು ಒಂದು ತುದಿಯಿಂದ ನೋಡುತ್ತ ಬಂದರು. ಅವರ ಕಣ್ಣು ನನ್ನ ಮೇಲೆ ನಿಂತಿತು, ದಾಟಿತು. ‘ಟೋಪಿ ಹಾಕಿದ್ರು, ಕನ್ನಡಕ ಹಾಕಿದ್ರು. ಗುರ್ತು ಸಿಕ್ಕಲ್ಲ.’

‘ಹರಿಗೋಲು ಹಿಡಿದು ಎಳೆಸಿಕೊಂಡವರು ಯಾರಾದರೂ ಇದ್ದೀರಾ?’ ಎಂದು ಬಳಗದ ಮುಖ್ಯಸ್ಥರು ನಮ್ಮನ್ನು ಕೇಳಿದರು. ಯಾರೂ ಮಾತಾಡಲಿಲ್ಲ. ಆಗ ಹಿಂದಿನ ಸಾಲಿನಿಂದ ಒಬ್ಬ, ‘ಮೀನೇ ಮಾತಾಡ್ಸಿರ್ಬೇಕು ಬುಡು ಯಜಮಾನ, ಬೆಳಬೆಳಿಗ್ಗೆ ಎಷ್ಟ್ ಹಾಕಿದ್ದೆ?’ ಎಂದ. ಸಭೆ ನಕ್ಕಿತು.

ನಾನೂ ನಕ್ಕೆ. ಸುಳ್ಳು ಹೇಳಿದ್ದಕ್ಕೆ, ಮೌನವಾಗಿದ್ದಕ್ಕೆ ಏನಾದರೂ ಕಾರಣ ಹುಡುಕಿಕೊಂಡಿದ್ದೇನೆ ಈ ಮೂರು ವರ್ಷಗಳಲ್ಲಿ. ಆ ನಗುವಿಗೆ ಹುಡುಕಿದರೂ ಸಿಕ್ಕಿಲ್ಲ.

ಕುಣಿಗಲ್‌ನಲ್ಲಿ ಯಾರಾದರೂ ಕೆರೆಗೆ ಬಿದ್ದರೆ ಜನ ಮೊದಲು ಓಡುತ್ತಿದ್ದದ್ದು ಹನುಮಂತರಾಯಪ್ಪನವರ ಮನೆಗೆ. ಸಭೆಯಾದ ಮೇಲೆ ಅವರ ಮನೆಯನ್ನು ದಾಟಿಕೊಂಡು ಬೇರೆಯವರ ಮನೆಗೆ ಓಡತೊಡಗಿದರಂತೆ. ಕುಡಿದು ಕಾವಲು ಬಿಟ್ಟವನು ಎಂಬ ಹೆಸರು ಅವರಿಗೆ ಅಂಟಿತು. ಅವರು ಹೆಂಡ ಮುಟ್ಟಿದವರೇ ಅಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಈ ವರ್ಷ ಶಾಹಿನಾಳ ಅಮ್ಮಿ ಹಜ್‌ಗೆ ಹೊರಟರು. ಹೊರಡುವವರು ನೆಂಟರು, ನೆರೆಯವರು, ಜಗಳವಾಡಿದವರು ಎಲ್ಲರ ಮನೆಗೂ ಹೋಗಿ, ತಪ್ಪಾಗಿದ್ದರೆ ಮನ್ನಿಸಿ ಎಂದು ಕೇಳಿಕೊಳ್ಳುವುದು ಅವರ ವಾಡಿಕೆ. ಗುಬ್ಬಿಯ ಮನೆಗಳೆಲ್ಲ ಮುಗಿದ ಮೇಲೆ ಅವರು ನನಗೆ ಹೇಳಿ ಕಳಿಸಿದರು.

‘ಆ ಹರಿಗೋಲಿನ ಮನುಷ್ಯನಿಗೆ ಮೂರ್ ವರ್ಷ ಶಾಪ ಹಾಕಿದ್ದೀನಿ ಕಣಮ್ಮ. ಐದು ಹೊತ್ತೂ ಹಾಕಿದ್ದೀನಿ. ಅದನ್ನ ಹೊತ್ಕೊಂಡು ಅಲ್ಲಿಗೆ ಹೋಗಕ್ಕಾಗಲ್ಲ. ನಿನಗೆ ಅವರ ಮನೆ ಗೊತ್ತಿರ್ಬೇಕಲ್ಲ, ಬರೆದವಳು ನೀನು. ಕರ್ಕೊಂಡ್ ಹೋಗು.’

ಶಾಹಿನಾ ಕಾರು ಓಡಿಸಿದಳು. ಮೂವರೂ ಹೋದೆವು. ಹನುಮಂತರಾಯಪ್ಪನವರು ಜಗಲಿಯ ಮೇಲೆ ಬಲೆ ಹೆಣೆಯುತ್ತಿದ್ದರು. ಅಮ್ಮಿ ಕೂರಲಿಲ್ಲ. ನಿಂತೇ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ‘ನಿಮ್ಮನ್ನ ಬಾಯಿಗೆ ಬಂದಂಗೆ ಬೈದಿದ್ದೀನಪ್ಪ. ಮಾಫ್ ಮಾಡ್ಬಿಡಿ’ ಎಂದರು.

‘ಅಯ್ಯೋ ಬುಡ್ರಮ್ಮ. ತಾಯಿ ಹೊಟ್ಟೆ ಉರ್ದಿರ್ತದೆ.’ ಅವರು ಶಾಹಿನಾಳನ್ನು ನೋಡಿದರು. ‘ನಿಮ್ ಮಗಳು ಕಣ್ ಮುಂದವ್ರೆ, ಅಷ್ಟ್ ಸಾಕು. ಆ ಇನ್ನೊಂದ್ ಹೆಣ್ಮಗಳದ್ದೇ ಯೋಚ್ನೆ ನನಗೆ. ಹಗ್ಗ ಇಡ್ಕಂಡಿರು ಅಂದು ಬಂದೆ. ವಾಪಸ್ ಹೋದ್ರೆ ಇಲ್ಲ. ಮಧ್ಯಾಹ್ನದ್ ಗಂಟ ಮುಳುಗಿ ಮುಳುಗಿ ಹುಡುಕ್ದೆ. ಎಲ್ರೂ ದಡಕ್ಕ್ ಬಂದವ್ರೆ, ಹೋಗಯ್ಯ ಅಂದ್ರು. ಆದ್ರೂ... ಸತ್ತೋಗ್ತೀನಿ ಅಂದಿದ್ಲು ಪಾಪ.’

ನಾನು ಊಟದ ಪಾಸು ಹಿಡಿದು ಸಾಲಿನಲ್ಲಿ ನಿಂತಿದ್ದ ಹೊತ್ತಿನಲ್ಲಿ ಅವರು ನನ್ನ ಹೆಣಕ್ಕಾಗಿ ಕೆರೆಯ ತಳವನ್ನು ತಡಕುತ್ತಿದ್ದರು.

‘ಅವಳು ನಾನೇ’ ಎಂದೆ. ‘ನನಗೆ ಏನೂ ಆಗಿರಲಿಲ್ಲ. ಸುಳ್ಳು ಹೇಳಿದ್ದೆ.’

ಅವರು ಬಲೆಯನ್ನು ಪಕ್ಕಕ್ಕಿಟ್ಟರು.

‘ಅವತ್ತು ಮೀಟಿಂಗ್‌ನಾಗೆ ಇದ್ರಾ?’

‘ಇದ್ದೆ.’

‘ಅವ್ರೆಲ್ಲ ನಗಾಡ್ದಾಗ?’

‘ನಾನೂ ನಕ್ಕೆ.’

‘ಪೇಪರ್‌ನಾಗೆ ಬರ್ದಿದ್ದೂ ನೀವೇನಾ?’

ಹೌದೆಂದೆ. ಅವರ ದನಿ ಏರಲಿಲ್ಲ. ‘ಇದ್ನ ನನಗೊಬ್ನಿಗೆ ಹೇಳಿದ್ರೆ ಏನ್ ಬಂತು? ನಾನ್ ಸುಳ್ಳಾಡಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು. ಊರಿಗ್ ಹೇಳ್ರಿ. ಎಲ್ಲಿ ಬರ್ದಿದ್ರೋ ಅಲ್ಲೇ ಬರೀರಿ.’ ಅಷ್ಟು ಹೇಳಿ ಎದ್ದು ಒಳಗೆ ಹೋದರು.

ನನ್ನನ್ನು ಶೆಟ್ಟಿಹಳ್ಳಿಯಲ್ಲಿ ಇಳಿಸುವಾಗ ಅಮ್ಮಿ, ‘ನಾನ್ ಕೇಳೋದು ಕೇಳಿ ಆಯ್ತು. ನಿಂದು ನೀನ್ ನೋಡ್ಕೋ’ ಎಂದರು.

ಬಳಗದವರಿಗೆ ಪತ್ರ ಬರೆದೆ — ಅದೇ ಜನರನ್ನು ಮತ್ತೆ ಕರೆಯಿರಿ, ಅವರೆದುರು ಹೇಳುತ್ತೇನೆ, ನನ್ನ ಹೆಸರನ್ನು ಮುಗಿಸಿದವರ ಪಟ್ಟಿಯಿಂದ ತೆಗೆಯಿರಿ ಎಂದು. ‘ಮುಗಿದ್ ಹೋದ ವಿಷಯ ಮೇಡಂ, ಈಗ ಕೆದಕಿದ್ರೆ ಈ ವರ್ಷದ ಇವೆಂಟಿಗೆ ತೊಂದ್ರೆ’ ಎಂದು ಮುಖ್ಯಸ್ಥರು ಫೋನ್ ಮಾಡಿದರು. ಒಂದೇ ಹರಿಗೋಲು ಇಟ್ಟ ತಪ್ಪು ಅವರದು. ಅದನ್ನು ಇಂದೂ ಹೇಳುತ್ತೇನೆ. ಆದರೆ ಇದ್ದ ಆ ಒಂದನ್ನು ಕದ್ದವಳು ನಾನು ಎಂದು ಮೊದಲು ಹೇಳಿ, ಆಮೇಲೆ ಹೇಳುತ್ತೇನೆ. ಹನುಮಂತರಾಯಪ್ಪನವರು ಕುಡಿದಿರಲಿಲ್ಲ, ಕಾವಲು ಬಿಟ್ಟಿರಲಿಲ್ಲ. ಸಾಯುತ್ತೇನೆ ಎಂದವಳೊಬ್ಬಳನ್ನು ನಂಬಿದರು. ಕುಣಿಗಲ್‌ನಲ್ಲಿ ಇದನ್ನು ಓದುವವರು ದಯಮಾಡಿ ಓದಲಾಗದವರಿಗೂ ಓದಿ ಹೇಳಿ.

ಇದನ್ನು ಬರೆಯುತ್ತಿದ್ದೇನೆಂದು ಶಾಹಿನಾಳಿಗೆ ತಿಳಿಸಿದ್ದೆ. ಐದು ವಾರಗಳ ಮೌನದ ನಂತರ ನಿನ್ನೆ ಶಾಲೆಯಿಂದಲೇ ಫೋನ್ ಮಾಡಿದಳು.

‘ಒಂದೇ ಮಾತು ಕೇಳ್ತೀನಿ. ಭಯಕ್ಕೆ ಒಂದೊಂದ್ ಸಲ ಉಸಿರು ಕಟ್ಟಿದಂಗೆ ಆಗತ್ತೆ. ನನಗೂ ಆಗಿದೆ. ನಿನಗೂ ಅವತ್ತು ಹಂಗೇ ಅನ್ಸಿರ್ಬೇಕು, ಅಲ್ವೇನೇ? ಹೌದು ಅಂದ್ಬಿಡು, ನನಗೆ ಸಾಕು.’

ಅವಳು ನನಗಾಗಿ ಆ ನೆಪವನ್ನು ಎಷ್ಟು ದಿನ ಯೋಚಿಸಿ ಹುಡುಕಿದ್ದಳೋ.

‘ಇಲ್ಲ ಶಾಹಿನಾ’ ಎಂದೆ. ‘ಚೆನ್ನಾಗೇ ಉಸಿರಾಡ್ತಿದ್ದೆ.’

ಆ ಕಡೆ ಶಾಲೆಯ ಗಂಟೆ ಹೊಡೆಯಿತು. ಅವಳು ಇನ್ನೂ ಸ್ವಲ್ಪ ಹೊತ್ತು ಫೋನ್ ಹಿಡಿದೇ ಇದ್ದಳು. ಆಮೇಲೆ, ‘ಕ್ಲಾಸಿದೆ’ ಎಂದು ಇಟ್ಟಳು.