ಮರಳಿಗೆ ಹೋಗಿ ಬಂದ ಮರ

ಅವತ್ತು ಬೆಳಿಗ್ಗೆ ಗಂಡ ಹೆಂಡತಿ ಜಗಳ ಆಡಿದ್ದು ಇಸಾಕನ ಸಲುವಾಗಿ.

ಇಸಾಕ ಅಂದರೆ ಬೈಬಲ್ಲಿನ ಇಸಾಕ. ಅಪ್ಪ ಅಬ್ರಹಾಮ ಅವನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದುಕೊಂಡು ಹೋದ. ಸೌದೆ ಹೊರೆಯನ್ನು ಮಗನ ಮೇಲೇ ಹೊರಿಸಿದ. ಕೊನೆ ಗಳಿಗೆಯಲ್ಲಿ ದೇವರು ಬೇಡ ಅಂದ. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ ಟಗರು ಮಗನ ಬದಲು ಬಲಿಯಾಯಿತು. ಭಾನುವಾರ ಸಭೆಯಲ್ಲಿ ಇದರ ಮೇಲೆ ಹತ್ತು ನಿಮಿಷ ಮಾತಾಡು ಅಂತ ಪಾದ್ರಿ ಹೇಳಿದ್ದರು. ಗಂಡ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಗೇ ಪ್ರಸಂಗ ಶುರುಮಾಡಿದ್ದ.

"ಸೌದೆ ಹೊತ್ತು ಬೆಟ್ಟ ಹತ್ತಿದ ಮಗ ಇಸಾಕ. ಶಿಲುಬೆ ಹೊತ್ತು ಗುಡ್ಡ ಹತ್ತಿದ ಮಗ ಯೇಸು. ಮೊದಲನೇದು ಅಚ್ಚು. ಎರಡನೇದು ಎರಕ."

"ಅಚ್ಚು ಅನ್ನದೆ ನಿಮ್ಮ ಬಾಯಿಗೆ ರುಚೀನೇ ಇಲ್ಲ," ಅಂದಳು ಅವಳು, ಊಟದ ಡಬ್ಬಿಯ ಮುಚ್ಚಳ ಒತ್ತುತ್ತಾ.

ಅವಳು ಹೇಳಿದ್ದು ನಿಜ. ಅವನು ಮೂವತ್ತೊಂದು ವರ್ಷ ಎರಕದ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡಿದವನು. ಪಂಪಿನ ಚಕ್ರ ಬೇಕು ಅಂದರೆ ಮೊದಲು ಅದನ್ನು ಮರದಲ್ಲಿ ಕೆತ್ತಬೇಕು. ಆ ಮರದ ಚಕ್ರವನ್ನು ಪೆಟ್ಟಿಗೆಯಲ್ಲಿಟ್ಟು, ಒದ್ದೆ ಮರಳಲ್ಲಿ ಹೂತು, ಗಟ್ಟಿಯಾಗಿ ಬಡಿಯುತ್ತಾರೆ. ಆಮೇಲೆ ಪೆಟ್ಟಿಗೆ ಬಿಚ್ಚಿ, ಉಸಿರು ಬಿಗಿಹಿಡಿದು ಮರವನ್ನು ಮೇಲೆತ್ತುತ್ತಾರೆ. ಮರಳಲ್ಲಿ ಅದರ ಆಕಾರದ ಗುಳಿ ಉಳಿಯುತ್ತದೆ. ಕರಗಿದ ಲೋಹವನ್ನು ಆ ಗುಳಿಗೆ ಸುರಿದರೆ ಚಕ್ರ. ಜನ ಕೊಂಡುಹೋಗುವುದು ಲೋಹದ್ದನ್ನು. ಮರದ್ದನ್ನು ಕೇಳುವವರಿಲ್ಲ. ಕಾರ್ಖಾನೆಯಲ್ಲಿ ಅವನಿಗೆ ಅಚ್ಚಣ್ಣ ಅಂತಲೇ ಹೆಸರು ಬಿತ್ತು. ಪಾದ್ರಿಯೂ ಹಾಗೇ ಕರೆಯತೊಡಗಿದರು. ಹುಟ್ಟಿದಾಗ ಇಟ್ಟ ಹೆಸರು ಆಸ್ಪತ್ರೆ ಚೀಟಿಯಲ್ಲಿ ಮಾತ್ರ ಉಳಿಯಿತು.

ಹಳೆ ಒಡಂಬಡಿಕೆಯ ಜನರೆಲ್ಲ ಬರಲಿರುವ ಕ್ರಿಸ್ತನ ಮುನ್ನೆರಳು ಅಂತ ಪಾದ್ರಿ ಒಮ್ಮೆ ಬೋಧಿಸಿದ್ದರು. ಅಚ್ಚಣ್ಣನಿಗೆ ನೆರಳು ಹಿಡಿಸಲಿಲ್ಲ. "ನೆರಳನ್ನ ಕೈಯಲ್ಲಿ ಹಿಡಿಯೋಕಾಗತ್ತಾ? ಅಚ್ಚು ಅನ್ನಿ ಅಯ್ಯನವರೇ," ಅಂದ. ಅಲ್ಲಿಂದ ಶುರುವಾಯಿತು. ಅಣ್ಣಂದಿರೇ ಬೆಳ್ಳಿಗೆ ಮಾರಿದ ಯೋಸೇಫ ಬರಗಾಲದಲ್ಲಿ ಅದೇ ಅಣ್ಣಂದಿರಿಗೆ ಅನ್ನ ಹಾಕಿದ, ಅದು ಒಂದು ಅಚ್ಚು. ಯೋನ ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದು ಹೊರಗೆ ಬಂದ, ಮೂರನೇ ದಿನ ಸಮಾಧಿಯಿಂದ ಎದ್ದ ಯೇಸುವಿಗೆ ಅದು ಇನ್ನೊಂದು. ಎಲ್ಲಕ್ಕಿಂತ ಅವನಿಗೆ ಇಷ್ಟವಾದದ್ದು ತಾಮ್ರದ ಸರ್ಪ. ಹಾವು ಕಚ್ಚಿಸಿಕೊಂಡ ಜನ ನೋಡಿ ಬದುಕಲಿ ಅಂತ ಮೋಶೆ ಕಂಬದ ಮೇಲೆ ಏರಿಸಿದ್ದು. ಅದೇ ರೀತಿ ತಾನೂ ಏರಿಸಲ್ಪಡಬೇಕು ಅಂತ ಯೇಸುವೇ ಹೇಳಿದ.

"ಆ ಸರ್ಪಕ್ಕೆ ಅಚ್ಚು ಕೆತ್ತಿದ್ದು ಯಾರು?" ಅಂತ ಅಚ್ಚಣ್ಣ ಪಾದ್ರಿಯನ್ನು ಬಾಗಿಲಲ್ಲೇ ಹಿಡಿದು ಕೇಳುತ್ತಿದ್ದ. "ಮೋಶೆಗೆ ಉಳಿ ಹಿಡಿಯೋಕೆ ಬರ್ತಿತ್ತಾ? ನನ್ನಂಥೋನೇ ಯಾರೋ ಇರ್ಬೇಕು. ಹೆಸರು ಬರೀಲಿಲ್ಲ ನೋಡಿ."

ಅವಳು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಈ ಕಸುಬಿನ ಗುಟ್ಟೊಂದು ಅವಳಿಗೆ ಮದುವೆಯಾದ ತಿಂಗಳೇ ಗೊತ್ತಾಗಿತ್ತು. ಅವನ ಚೀಲದಿಂದ ಅಳತೆಪಟ್ಟಿ ತೆಗೆದು ಕಿಟಕಿ ಅಳೆದಳು, ದರ್ಜಿಗೆ ಲೆಕ್ಕ ಹೇಳಿ ಪರದೆ ಹೊಲಿಸಿದಳು. ತೂಗುಹಾಕಿದರೆ ಒಂದು ಬೆರಳು ಗಿಡ್ಡ. ದರ್ಜಿಯ ಜೊತೆ ಬೀದಿಯಲ್ಲಿ ನಿಂತು ಜಗಳ ತೆಗೆದಳು. ಅವನು ಪಾಪ ತನ್ನ ಟೇಪು ತೋರಿಸಿ ಆಣೆ ಹಾಕಿದ. ಸಾಯಂಕಾಲ ಗಂಡ ಬಂದು ವಿಷಯ ಕೇಳಿದವನೇ ಗೋಡೆ ಹಿಡಿದುಕೊಂಡು ನಕ್ಕ.

"ಅದು ಅಚ್ಚಿನ ಪಟ್ಟಿ ಕಣೇ! ಅದರ ಇಂಚು ಬೇರೇವ್ರ ಇಂಚಿಗಿಂತ ಉದ್ದ. ಲೋಹ ತಣ್ಣಗಾದರೆ ಕುಗ್ಗತ್ತೆ. ಅದಕ್ಕೆ ಅಚ್ಚನ್ನ ಒಂಚೂರು ದೊಡ್ಡದಾಗೇ ಮಾಡ್ಬೇಕು."

"ಮೊದಲೇ ಬೊಗಳೋಕೇನಾಗಿತ್ತು? ಈಗ ಆ ದರ್ಜಿಗೆ ಮುಖ ಹೇಗೆ ತೋರಿಸಲಿ?"

ಆ ಪರದೆ ಹದಿನೈದು ವರ್ಷ ಗಿಡ್ಡವಾಗಿಯೇ ನೇತಾಡಿತು. ದರ್ಜಿಯ ಹತ್ತಿರ ಅವಳು ತಪ್ಪು ಒಪ್ಪಿಕೊಂಡದ್ದು ಅದು ಹರಿದ ಮೇಲೆ.

ಇದನ್ನೇ ಇಟ್ಟುಕೊಂಡು ಅವಳು ಒಂದು ದಿನ ಸಭೆಯಲ್ಲಿ ಗಂಡನನ್ನು ಕೇಳಿಬಿಟ್ಟಳು: "ಎರಕಕ್ಕಿಂತ ಅಚ್ಚು ದೊಡ್ಡದು ಅಂತೀರಿ. ಹಾಗಾದ್ರೆ ಯೇಸುವಿಗಿಂತ ಇಸಾಕ ದೊಡ್ಡೋನಾ?" ಪಾದ್ರಿಗೆ ಕೆಮ್ಮು ಬಂತು. ಅಚ್ಚಣ್ಣ ತಲೆ ಕೆರೆದುಕೊಂಡ. ಎರಡು ಸಲ ಅಳೆಯದೆ ಏನನ್ನೂ ಕುಯ್ಯದವನು, ಮಾತಿನಲ್ಲೂ ಅಷ್ಟೇ. ಉತ್ತರ ಬಂದದ್ದು ಮುಂದಿನ ಭಾನುವಾರ. "ದೇವರು ಮನುಷ್ಯನಾಗಿ ಬರುವಾಗ ಕುಗ್ಗಿ ಬಂದ. ಕುಗ್ಗೋದೇ ಅವನ ದೊಡ್ಡತನ. ಅಚ್ಚಿಗೆ ತಾನು ದೊಡ್ಡದು ಅನ್ನೋ ಜಂಬ ಬೇಡ."

ಆ ಕೊನೆಯ ಬೆಳಿಗ್ಗೆಯೂ ಅವಳು ಬಿಡಲಿಲ್ಲ. "ಇಸಾಕನ ಅಮ್ಮನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ? ಆ ಹುಡುಗ ಅಷ್ಟು ಹೆದರಿದ್ದು ಬರೀ ಇನ್ನೊಬ್ಬರ ಗುರುತಾಗೋಕಾ? ಎರಕ ಬಂದ ಮೇಲೆ ಅಚ್ಚಿನ ಗತಿ ಏನು? ಒಲೆಗಾ?"

ಅವನು ಮುಖ ಒರೆಸಿಕೊಂಡು ಅವಳನ್ನೇ ನೋಡಿದ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದ. "ಒಳ್ಳೇ ಮಾತು ಕೇಳ್ದೆ. ಸಾಯಂಕಾಲ ಬಂದು ಹೇಳ್ತೀನಿ."

"ಡಬ್ಬಿ ಮರೀಬೇಡಿ."

ಡಬ್ಬಿ ಮರೆಯಲಿಲ್ಲ. ಸಾಯಂಕಾಲ ಅವನು ಬರಲಿಲ್ಲ. ಮೂರು ಗಂಟೆಗೆ ಕೆಲಸದ ಮೇಜಿನ ಮುಂದೆ ಎದೆಬಡಿತ ನಿಂತುಹೋಯಿತು. ಪಕ್ಕದಲ್ಲಿ ಮರಳು ಬಡಿಯುವವನು, ಎಲ್ಲರೂ ಮರಳಪ್ಪ ಅನ್ನುವವನು, ಬಾಗಿಲಿಗೆ ಬಂದು ಅತ್ತ. "ಮೇಜಿಗೆ ತಲೆ ಇಟ್ಟಿದ್ದ ಅತ್ತಿಗೆ. ಒಂದು ಕಣ್ಣು ಮುಚ್ಚಿ ಚಕ್ರದ ಅಂಚು ನೋಡ್ತಿದ್ದಾನೆ ಅಂದ್ಕೊಂಡೆ. ದಿನಾ ಹಾಗೇ ನೋಡ್ತಿದ್ದ."

ಅವಳು ಊಟ ಮಾಡಿದಳು, ಬಟ್ಟೆ ಒಗೆದಳು. ಬಂದವರಿಗೆ ಚಹಾ ಕೊಟ್ಟಳು. ಆದರೆ ಕೇಳಿದ್ದಕ್ಕೆ ಉತ್ತರ ಬಾಕಿ ಉಳಿದಿತ್ತು. ಪಾದ್ರಿಯನ್ನು ಕೇಳಬಹುದಿತ್ತು. ಬೇಡ ಅನ್ನಿಸಿತು. ಹೇಳ್ತೀನಿ ಅಂದವನು ಅವನು.

ಎರಡು ವಾರ ಬಿಟ್ಟು ಅವನ ಉಪಕರಣದ ಚೀಲ ತರಲು ಕಾರ್ಖಾನೆಗೆ ಹೋದಳು. ಅಚ್ಚಿನ ಕೋಣೆಯ ಗೂಡುಗಳು ಅರ್ಧ ಖಾಲಿ. ಹೊಸ ಯಂತ್ರ ಇಡಲು ಜಾಗ ಮಾಡುತ್ತಿದ್ದರು. ನೆಲದ ಮೇಲೆ ಚಕ್ರ, ಮುಚ್ಚಳ, ಹಿಡಿಕೆ, ಎಲ್ಲ ಮರದ್ದು, ರಾಶಿ ಬಿದ್ದಿತ್ತು. ಮೂಲೆಯ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಕೆಳಗೆ ಉರಿಯುತ್ತಿದ್ದ ತುಂಡಿಗೆ ದುಂಡನೆ ಅಂಚಿತ್ತು.

"ಏನಪ್ಪಾ ಇದು?"

ಮರಳಪ್ಪ ತಲೆ ತಗ್ಗಿಸಿದ. "ಹಳೇವು ಅತ್ತಿಗೆ. ಈ ಪಂಪುಗಳನ್ನ ಈಗ ಯಾರೂ ಮಾಡಿಸಲ್ಲ. ಧಣಿ ಹೇಳಿದ್ದು. ಅಚ್ಚಣ್ಣ ಇದ್ದಿದ್ರೆ ನನ್ನನ್ನ ಉಳಿಸ್ತಿರಲಿಲ್ಲ. ಹಿಂದೊಂದು ಸಲ ಒಂದನ್ನ ಒಲೆಗೆ ಹಾಕಿದ್ದೆ. ಬರಿಗೈಲಿ ಎಳೆದು ತೆಗೆದ. ಎರಡು ದಿನ ನನ್ನ ಮಾತಾಡಿಸಲಿಲ್ಲ."

"ಬೈಲಿಲ್ವಾ?"

"ಒಂದೇ ಮಾತು ಅಂದ. 'ಇದು ಮರಳೊಳಗೆ ಹೋಗಿ ಬಂದಿರೋದು ಕಣೋ. ಬೆಂಕಿ ಬರೋ ಮುಂಚೆ ನೀನೇ ಎತ್ತಿ ತೆಗೆದೆ. ಈಗ ನೀನೇ ಸುಡ್ತೀಯಾ?'"

ಅವಳು ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತಳು. ಮರವನ್ನು ಹೂಳುತ್ತಾರೆ, ಎತ್ತುತ್ತಾರೆ, ಆಮೇಲೆ ಬೆಂಕಿ ಸುರಿಯುತ್ತಾರೆ. ಬೆಂಕಿ ತಡೆದುಕೊಳ್ಳುವುದು ಲೋಹದ ಪಾಲು. ಇಸಾಕನನ್ನು ಸೌದೆಯ ಮೇಲಿಂದ ಕೆಳಗಿಳಿಸಿದರು. ಯೇಸುವನ್ನು ಜೀವ ಇರುವಾಗ ಇಳಿಸುವವರು ಬರಲಿಲ್ಲ, ಅವನ ಬದಲಿಗೆ ಟಗರೂ ಬರಲಿಲ್ಲ. ಇಳಿದುಬಂದ ಇಸಾಕ ಮನೆಗೆ ಹೋದ, ಮದುವೆಯಾದ, ಮುದುಕನಾದ. ಅವನು ಬರೀ ಗುರುತಲ್ಲ. ಅಮ್ಮನಿಗೆ ಮಗನಾಗಿ ಉಳಿದ.

ಉತ್ತರ ಬಂತು. ಸಾಯಂಕಾಲದ ಬದಲು ಎರಡು ವಾರ ತಡವಾಗಿ. ತಡ ಅವನಿಗೆ ಹೊಸದೇನಲ್ಲ.

ಅವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮರಳಪ್ಪ, ತಳ್ಳುಗಾಡಿ ತಗೊಂಡು ಬಾ."

"ಎಲ್ಲಾನೂ ಅತ್ತಿಗೆ? ಮನೇಲಿ ಜಾಗ ಎಲ್ಲಿದೆ?"

"ಬೆಟ್ಟದಿಂದ ಇಳಿದು ಬಂದ ಮಗನಿಗೆ ಜಾಗ ಇಲ್ಲ ಅಂತಾರೇನೋ? ಧಣಿಗೆ ನಾನು ಹೇಳ್ತೀನಿ."

ಧಣಿ ತಡೆಯಲಿಲ್ಲ. ಅವಳ ಮುಖ ನೋಡಿ ತಾನೇ ಒಂದು ಮುಚ್ಚಳ ಎತ್ತಿ ಗಾಡಿಗಿಟ್ಟ. ಅವನ ಮೇಜಿನ ಮೇಲಿದ್ದ ಕೊನೆಯ ಚಕ್ರವೂ ಸೇರಿ ನಲವತ್ತಮೂರು ಅಚ್ಚು ಮನೆಗೆ ಬಂದವು. ಗಂಡನ ಬಟ್ಟೆ ಇಡುತ್ತಿದ್ದ ಗೂಡು, ಮಂಚದ ತಲೆದಿಕ್ಕು, ಅಡುಗೆಮನೆಯ ಅಟ್ಟ ಎಲ್ಲ ತುಂಬಿತು. ಮಗಳು ಬಂದು ನೋಡಿ, "ಅಮ್ಮಾ, ನೀನು ಮಲಗೋದು ಚಕ್ರದ ಮೇಲಾ?" ಅಂತ ಅತ್ತು ನಕ್ಕಳು. ಪಾದ್ರಿ ಬಂದವರು ಮೆಲ್ಲಗೆ ಎಚ್ಚರಿಸಿದರು. "ಆ ತಾಮ್ರದ ಸರ್ಪಕ್ಕೆ ಜನ ಆಮೇಲೆ ಧೂಪ ಹಾಕೋಕೆ ಶುರುಮಾಡಿದ್ರು ಅಮ್ಮ. ಹಿಜ್ಕೀಯ ಅನ್ನೋ ರಾಜ ಅದನ್ನ ಒಡೆದುಹಾಕಿದ."

"ನಾನು ಧೂಪ ಹಾಕ್ತಿಲ್ಲ ಅಯ್ಯನವರೇ," ಅಂದಳು. "ಧೂಳು ಒರೆಸ್ತಿದ್ದೀನಿ. ಕಾಲು ಸ್ವಲ್ಪ ಆ ಕಡೆ ಇಡಿ, ಪಂಪಿನ ಹಿಡಿಕೆ ಇದೆ."

ಮರದ ಅಚ್ಚು ಒಂದೇ ಮಗ್ಗುಲಲ್ಲಿ ಬಹಳ ದಿನ ಬಿದ್ದರೆ ಸೊಟ್ಟಗಾಗುತ್ತದೆ. ಇದನ್ನು ಅವಳಿಗೆ ಅವನೇ ಹೇಳಿದ್ದ. ಈಗಲೂ ಬೆಳಿಗ್ಗೆ ಎದ್ದವಳು ಒಲೆ ಹಚ್ಚುವ ಮೊದಲು ಒಣಬಟ್ಟೆ ತೆಗೆದುಕೊಳ್ಳುತ್ತಾಳೆ. ಮಂಚದ ತಲೆದಿಕ್ಕಿನಿಂದ ಶುರು. ಒಂದೊಂದನ್ನೇ ಎತ್ತಿ, ಒರೆಸಿ, ಮಗ್ಗುಲು ಬದಲಿಸಿ ಇಡುತ್ತಾಳೆ. ಕೊನೆಗೆ ಅವನು ಅಂಚು ನೋಡುತ್ತಿದ್ದ ಆ ಚಕ್ರ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ನೆಟ್ಟಗಿದೆ. ಕೆಳಗಿಟ್ಟು ಒಲೆ ಹಚ್ಚುತ್ತಾಳೆ.